ಹರಡಿನ ಪಕ್ಕದ ಗಂಟು

ಮನಸಾರೆ ಅತ್ತುಬಿಡೋಣ ಎಂದು ನಾನು ಕೂತಾಗಲೆಲ್ಲ ಏನಾದರೊಂದು ನಡೆದು ನಗು ಬಂದುಬಿಡುತ್ತದೆ. ಅಹಮದಾಬಾದಿನ ಆ ಚಳಿಗಾಲ ಪೂರ್ತಿ ಹೀಗೇ ಕಳೆಯಿತು.

೧

ಬಲಗಾಲಿನ ಹರಡಿನ ಪಕ್ಕ ಕಡಲೆಕಾಳಿನಷ್ಟು ಗಂಟು. ವಸ್ತ್ರಾಪುರದ ನಮ್ಮ ಫ್ಲ್ಯಾಟಿನ ತಣ್ಣನೆಯ ನೆಲಕ್ಕೆ ಕಾಲಿಟ್ಟರೆ ಜೀವ ಹೋಗುವಷ್ಟು ನೋವು. ನನ್ನ ಅಮ್ಮನ ಎದೆಯ ಗಂಟೂ ಮೊದಲು ಇಷ್ಟೇ ಇತ್ತು. ವರ್ಷ ತುಂಬುವುದರೊಳಗೆ ಅವಳನ್ನು ಕಳಕೊಂಡಿದ್ದೆವು. ನನ್ನವರಿಗೆ ತೋರಿಸಿದೆ. ಮುಟ್ಟಿ ನೋಡಿ, ಎದ್ದು ಬಾಲ್ಕನಿಗೆ ಹೋದರು. ತುಮಕೂರಿನಲ್ಲಿದ್ದ ಮಾವನವರಿಗೆ ಫೋನ್ ಮಾಡಿದೆ. ಅವರಿಗೆ ಕಿವಿ ಮಂದ.

"ಮಾವ, ಕಾಲಲ್ಲಿ ಒಂದು ಗಂಟು..."

"ಗಂಟು ಸಿಕ್ತಾ? ಯಾರಿಗೂ ಹೇಳ್ಬೇಡಮ್ಮ, ಭದ್ರವಾಗಿ ಎತ್ತಿಟ್ಕೋ!"

೨

ಅಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು 'ಬೆನ್', ಅಂದರೆ ಅಕ್ಕ. ಪಕ್ಕದ ಮನೆಯ ಗುಜರಾತಿ ಬೆನ್ ನನ್ನ ಕೈ ಹಿಡಿದುಕೊಂಡು ಹಿಂದಿಯಲ್ಲಿ ಸಮಾಧಾನ ಹೇಳಿದರು. "ಹೆದರಬೇಡಿ. ನನ್ನ ನಾದಿನಿಗೂ ಇಂಥದ್ದೇ ಗಂಟಾಗಿತ್ತು."

"ಈಗ ಹೇಗಿದ್ದಾರೆ?"

"ಅವಳಾ? ಹೋದಳು."

ನನ್ನ ಮುಖ ಬಿಳಿಚಿದ್ದು ಕಂಡು ಅವರೇ ಗಾಬರಿಯಾದರು. "ಸೂರತ್‌ಗೆ ಬೆನ್, ಸೂರತ್‌ಗೆ! ಗಂಡನ ಮನೆಗೆ!"

೩

ಆಪರೇಷನ್ ದಿನ ಕಾಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಎಚ್ಚರವಾಗಿಯೇ ಇದ್ದೆ. ಚಾವಣಿ ನೋಡುತ್ತಾ, ಮಗಳಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುವುದಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಸರ್ಜನ್ ಒಂದು ಬಟ್ಟಲನ್ನು ನನ್ನ ಮುಖದ ಹತ್ತಿರ ಹಿಡಿದು, "ನೋಡಿ, ಎಷ್ಟು ಮುದ್ದಾಗಿದೆ! ಮುತ್ತಿನ ಹಾಗೆ!" ಎಂದರು.

ಹೆರಿಗೆಯಾದಾಗ ಮಗಳನ್ನೂ ಯಾರೂ ಇಷ್ಟು ಹೆಮ್ಮೆಯಿಂದ ತೋರಿಸಿರಲಿಲ್ಲ.

೪

ಗಂಟನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಟಿವಿ ಹಾಕಲಿಲ್ಲ. ಕರೆ ಬಂದ ದಿನ ಇಬ್ಬರೂ ಬೆಳಿಗ್ಗೆಯಿಂದ ಏನೂ ತಿನ್ನದೆ ಹೋದೆವು. ನನ್ನ ಕಾಲಿಗಿನ್ನೂ ಪಟ್ಟಿ, ಸೀರೆಯ ನೆರಿಗೆ ಅದನ್ನು ಮುಚ್ಚಿತ್ತು.

ಸರ್ಜನ್ ಕನ್ನಡಕ ಏರಿಸಿಕೊಂಡು, "ಇದು ಟ್ಯೂಮರ್," ಎಂದರು.

ಧಪ್ ಎಂದು ಸದ್ದಾಯಿತು. ನನ್ನವರು ಕುರ್ಚಿಯಿಂದ ಜಾರಿ ನೆಲದ ಮೇಲಿದ್ದರು.

"ಪೂರ್ತಿ ಕೇಳಿ!" ಸರ್ಜನ್ ಕೂಗಿದರು. "ರಕ್ತನಾಳದ ಗೋಡೆಯ ಸ್ನಾಯುವಿನಿಂದ ಬೆಳೆದದ್ದು. ಕ್ಯಾನ್ಸರ್ ಅಲ್ಲ! ತೆಗೆದಾಯಿತು, ಮುಗಿಯಿತು!"

ಕೇಳಬೇಕಾದವರಿಗೆ ಪ್ರಜ್ಞೆಯಿರಲಿಲ್ಲ. ನಾನು ಕುಂಟುತ್ತಾ ಹೋಗಿ ನೀರು ತಂದು ಅವರ ಮುಖಕ್ಕೆ ಚಿಮುಕಿಸಿದೆ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಮ್ಮ ಸತ್ತಾಗಲೂ ಬಾರದಿದ್ದ ಅಳುವನ್ನೆಲ್ಲ ಅತ್ತೆ. ಒಳಗೆ ಬಂದ ಆಯಾ ನನ್ನ ಭುಜ ಹಿಡಿದು ಎಬ್ಬಿಸಿದಳು.

"ಅಳಬೇಡಿ ಬೆನ್, ಹೊರಗೆ ಕೂತಿರಿ. ಪೇಶಂಟ್ ಜೊತೆ ಬಂದವರು ಇಲ್ಲಿ ಗಲಾಟೆ ಮಾಡಬಾರದು."