ಮುಳ್ಳುಬಳಗದ ಅಂತಿಮ ಸುತ್ತು

ಭಾನುವಾರ ನಡೆಯಬೇಕಿದ್ದ ಅಂತಿಮ ಸುತ್ತನ್ನು ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಎಳೆದು ತಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ಮುಳ್ಳುಬಳಗದ ಮುಖ್ಯಸ್ಥರು ಬೆಳಿಗ್ಗೆ ಎದ್ದವರೇ, ಭಾನುವಾರ ತಮಗೆ ಮೊಮ್ಮಗಳ ಹುಟ್ಟುಹಬ್ಬವೆಂದೂ ರಸಪ್ರಶ್ನೆಯನ್ನು ಇವತ್ತೇ ಮುಗಿಸಿಬಿಡೋಣವೆಂದೂ ಸಂದೇಶ ಹಾಕಿಬಿಟ್ಟಿದ್ದರು.

ಮುಳ್ಳುಬಳಗವೆಂದರೆ ಕಳ್ಳಿ ಗಿಡ ಬೆಳೆಸುವ ಹವ್ಯಾಸಿಗಳ ಆನ್‌ಲೈನ್ ಗುಂಪು. ಅಲ್ಲಿ ಯಾರ ಮುಖವೂ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು, ಹೆಸರಿನ ಪಕ್ಕದಲ್ಲಿ ಒಂದು ಗಿಡದ ಚಿತ್ರ. ವರ್ಷಕ್ಕೊಮ್ಮೆ ಸಾಮಾನ್ಯ ಜ್ಞಾನದ ರಸಪ್ರಶ್ನೆ. ಕಳ್ಳಿಗೂ ಸಾಮಾನ್ಯ ಜ್ಞಾನಕ್ಕೂ ಏನು ಸಂಬಂಧವೆಂದು ಯಾರೂ ಕೇಳಿದವರಲ್ಲ. ಗೆದ್ದವರು ಮುಂದಿನ ಒಂದು ವರ್ಷ ಬಳಗದ ಮುಖ್ಯಸ್ಥರು.

ನಮ್ಮ ಗುಮಾಸ್ತ ಅಲ್ಲಿ 'ಮುಳ್ಳುಹಂದಿ'. ಹೊಟ್ಟೆಪಾಡಿಗೆ ಅವನು ಲಿಫ್ಟ್ ದುರಸ್ತಿ ಕಂಪನಿಯೊಂದರಲ್ಲಿ ದೂರು ಬರೆದುಕೊಳ್ಳುವವನು. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರೆಲ್ಲ ಫೋನಿನಲ್ಲಿ ಅವನನ್ನೇ ಬೈಯುತ್ತಿದ್ದರು, ಕೀಲಿ ಹಾಕಿ ಹೋದವನು ಅವನೇ ಎಂಬಂತೆ. ಮನೆಗೆ ಬಂದರೆ ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದ ಅವರು, ಈಗಲೂ ಯಾರದೇ ಮಾತನ್ನು ನಡುವೆಯೇ ಕತ್ತರಿಸಬಲ್ಲವರು. ಒಟ್ಟಿನಲ್ಲಿ ಅವನ ಮಾತಿಗೆ ನಾಲ್ಕು ಜನ ತಲೆಯಾಡಿಸುವ ಜಾಗ ಪ್ರಪಂಚದಲ್ಲಿ ಒಂದೇ ಇತ್ತು, ಅದು ಮುಳ್ಳುಬಳಗ. ಈ ಸಲ ಅವನು ಅಂತಿಮ ಸುತ್ತಿಗೆ ಬಂದಿದ್ದ. ಎದುರಾಳಿ 'ಒಣಮಣ್ಣು'. ಆರು ತಿಂಗಳ ಹಿಂದಷ್ಟೇ ಬಳಗ ಸೇರಿದ ಈ ಒಣಮಣ್ಣಿನ ಸಲಹೆಯಿಂದಲೇ ಅವನ ಕೊಳೆಯುತ್ತಿದ್ದ ಗಿಡಗಳು ಚೇತರಿಸಿಕೊಂಡಿದ್ದವು. ಯಾರೋ ದೊಡ್ಡ ವಿಜ್ಞಾನಿ ಇರಬೇಕೆಂದು ಅವನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಆದರೆ ಶುಕ್ರವಾರ ಮೂರು ಗಂಟೆಗೆ ಕಚೇರಿ. ಅವನು ಮ್ಯಾನೇಜರಿಗೆ ಫೋನ್ ಮಾಡಿದ.

"ಸರ್, ಇವತ್ತು ರಜ ಬೇಕಿತ್ತು. ಮನೇಲಿ ಹುಷಾರಿಲ್ಲ."

"ಯಾರಿಗೆ?"

ಎದುರಿಗೆ ಅತ್ತೆ ಗೋಡೆ ಗಡಿಯಾರ ಒರೆಸಲು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದರು.

"ಅತ್ತೆಗೆ, ಸರ್. ತಲೆ ಸುತ್ತಿ ಬಿದ್ಬಿಟ್ರು."

ಅತ್ತೆ ಸ್ಟೂಲಿನ ಮೇಲಿಂದಲೇ ತಿರುಗಿ ನೋಡಿದರು. ಫೋನ್ ಇಟ್ಟ ಮೇಲೆ ಮನೆ ಎರಡಾಗುತ್ತದೆಂದು ಅವನು ಕಣ್ಣು ಮುಚ್ಚಿ ಕಾದ.

"ಯಾವಾಗ ಬಿದ್ದೆ ನಾನು?" ಎಂದರು ಅತ್ತೆ.

"ಬೀಳ್ಲಿಲ್ಲ, ಅತ್ತೆ. ಸುಮ್ನೆ ಹೇಳ್ದೆ. ಇವತ್ತೊಂದು ದಿನ ರೂಮಲ್ಲಿ ಮಲಗಿಬಿಡಿ. ಯಾರಾದ್ರೂ ಬಂದ್ರೆ ಸ್ವಲ್ಪ ನರಳಿ."

"ಆಗ್ಲಿ. ಬಾಗಿಲು ಹಾಕ್ಕೊಂಡು ಮಲಗ್ತೀನಿ. ನನ್ನನ್ನ ಯಾರೂ ಕರೀಬಾರ್ದು, ಅಷ್ಟೇ."

ಇಷ್ಟು ಸಲೀಸಾಗಿ ಅವರು ಯಾವತ್ತೂ ಯಾವುದಕ್ಕೂ ಒಪ್ಪಿದವರಲ್ಲ. ವಯಸ್ಸಾಗುತ್ತಿದ್ದಂತೆ ಮನುಷ್ಯರು ಮೆತ್ತಗಾಗುತ್ತಾರೆ ಎಂದುಕೊಂಡು ಅವನು, ಆಗಷ್ಟೇ ಸ್ನಾನ ಮುಗಿಸಿ ಬಂದು ಕೆಲಸಕ್ಕೆ ಹೊರಟಿದ್ದ ಹೆಂಡತಿಗೆ ಏನೂ ತಿಳಿಯದಂತೆ ಡಬ್ಬಿ ಕಟ್ಟಿಕೊಟ್ಟು ಕಳಿಸಿದ.

ಗೋಡೆಗಳು ತೆಳುವಾಗಿದ್ದವು. ಪಕ್ಕದ ಮನೆಯ ನಿವೃತ್ತ ನರ್ಸ್ ಫೋನಿನ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರು, ಆಮೇಲಿನದನ್ನು ಮಾತ್ರ ಕುಕ್ಕರ್ ಕೂಗು ನುಂಗಿಹಾಕಿತ್ತು. ಮಧ್ಯಾಹ್ನದ ಊಟ ಮುಗಿಸಿ ಒಂದು ನಿದ್ದೆ ತೆಗೆದ ಮೇಲೆ, ರಕ್ತದೊತ್ತಡ ನೋಡುವ ಪಟ್ಟಿಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಅವರು ಬಂದೇ ಬಿಟ್ಟರು. ಆಗ ಮೂರಕ್ಕೆ ಕೆಲವೇ ನಿಮಿಷ ಬಾಕಿ.

"ಎಲ್ಲಿ ಪೇಷಂಟು?"

"ಮಲಗಿದಾರೆ. ಈಗ ಬೇಡ..."

"ತಲೆ ಸುತ್ತು ಅಂದ್ರೆ ತಮಾಷೆ ಅಂದ್ಕೊಂಡ್ರಾ?" ಎಂದು ಅವರು ಅವನನ್ನು ಪರದೆಯಂತೆ ಸರಿಸಿ ಒಳನುಗ್ಗಿದರು. ಅತ್ತೆ ಕುತ್ತಿಗೆವರೆಗೆ ಕಂಬಳಿ ಹೊದ್ದು, ಒಂದು ಕೈಯನ್ನಷ್ಟೇ ಹೊರಗೆ ಚಾಚಿ ನರಳಿದರು. ನರಳಾಟ ಇಷ್ಟು ಸಹಜವಾಗಿ ಬರುತ್ತದೆಂದು ಅಳಿಯ ಎಣಿಸಿರಲಿಲ್ಲ.

ಅಷ್ಟರಲ್ಲಿ ಮತ್ತೆ ಕರೆಗಂಟೆ. ಬಾಗಿಲು ತೆರೆದರೆ, ಕೈಯಲ್ಲಿ ಸೇಬಿನ ಚೀಲ ಹಿಡಿದು ಸಾಕ್ಷಾತ್ ಮ್ಯಾನೇಜರ್!

"ಇಲ್ಲೇ ಹತ್ರದಲ್ಲಿ ಲಿಫ್ಟ್ ನೋಡೋಕೆ ಬಂದಿದ್ದೆ. ಮೂರು ತಿಂಗಳಲ್ಲಿ ನಿಮ್ಮ ಮನೇಲಿ ಇದು ನಾಲ್ಕನೇ ಕಾಯಿಲೆ. ಒಂದನ್ನಾದ್ರೂ ಕಣ್ಣಾರೆ ನೋಡೋಣ ಅಂತ."

"ನರ್ಸ್ ನೋಡ್ತಾ ಇದಾರೆ ಸರ್, ಕೂತ್ಕೊಳ್ಳಿ. ನನಗೂ ಯಾಕೋ ಹೊಟ್ಟೆ..." ಎನ್ನುತ್ತ ಗುಮಾಸ್ತ ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿ, ಜೇಬಿನಿಂದ ಫೋನ್ ತೆಗೆದ. ಮೊದಲ ಪ್ರಶ್ನೆ ಆಗಲೇ ಬಂದು ಕೂತಿತ್ತು.

ಆಕ್ಟೋಪಸ್‌ಗೆ ಎಷ್ಟು ಹೃದಯ? ಅವನು 'ಮೂರು' ಎಂದು ಒತ್ತುವಷ್ಟರಲ್ಲಿ ಒಣಮಣ್ಣು ಒತ್ತಿಯಾಗಿತ್ತು. ಪ್ರಪಂಚದ ಅತಿ ದೊಡ್ಡ ಮರುಭೂಮಿ? ಇದನ್ನು ಅವನು ಬಿಡಲಿಲ್ಲ: 'ಅಂಟಾರ್ಕ್ಟಿಕಾ!' ಒಂದೊಂದು ಅಂಕ.

ಕೋಣೆಯಿಂದ ನರ್ಸ್ ಕೂಗಿದರು: "ಅಯ್ಯೋ, ನಾಡಿ ಕುದುರೆ ಥರ ಓಡ್ತಾ ಇದೆ! ಒಂದು ನಿಮಿಷದ ಹಿಂದೆ ಸರಿಯಾಗೇ ಇತ್ತಲ್ಲ!"

ಮ್ಯಾನೇಜರ್ ಬಚ್ಚಲ ಬಾಗಿಲು ತಟ್ಟಿದರು. "ರೀ, ನಿಮ್ಮ ಅತ್ತೆಗೆ ಸೀರಿಯಸ್ ಅಂತೆ ಕಣ್ರೀ!"

"ಬಂದೆ ಸರ್!" ಎಂದ ಗುಮಾಸ್ತ, ಮೂರನೆಯ ಪ್ರಶ್ನೆ ಓದುತ್ತ. ನೀರು ಹರಿಯುವ ಸದ್ದಾಗಲಿ ಎಂದು ನಲ್ಲಿ ತಿರುಗಿಸಿದ. ತಲೆಯ ಮೇಲಿನ ಶವರ್ ಸುರಿಯಿತು. ಮೈಯೆಲ್ಲ ತೊಯ್ದರೂ ಫೋನನ್ನು ಎಳೆಮಗುವಿನಂತೆ ಎದೆಗೆ ಅವುಚಿಕೊಂಡು ಉಳಿಸಿದ, ಉತ್ತರ ಮಾತ್ರ ಉಳಿಯಲಿಲ್ಲ.

ನಾಲ್ಕು, ಐದು, ಆರು. ಒಮ್ಮೆ ಅವನು ಮುಂದೆ, ಒಮ್ಮೆ ಒಣಮಣ್ಣು. ಎಂಟನೆಯದು ಮುಗಿದಾಗ ನಾಲ್ಕು-ನಾಲ್ಕು. ಉಳಿದದ್ದು ಕೊನೆಯ ಒಂದು. ಅದಕ್ಕೆ ಮುಂಚೆ ಚಿಕ್ಕ ವಿರಾಮ. ಅತ್ತೆಯ ಗತಿ ಏನಾಯಿತೆಂದು ಅವನು ಬಾಗಿಲನ್ನು ಬೆರಳಗಲ ತೆರೆದು ಇಣುಕಿದ.

ಹಜಾರದ ಸೋಫಾದಲ್ಲಿ ಮ್ಯಾನೇಜರ್. ಫೋನಿನ ಮೇಲೆ ಬಾಗಿ ಕೂತಿದ್ದಾರೆ. ಹೆಬ್ಬೆರಳು ಸಿದ್ಧವಾಗಿದೆ. ಹುಬ್ಬು ಗಂಟಿಕ್ಕಿದೆ. "ಈ ಸಲ ಬಿಡಲ್ಲ," ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದಾರೆ.

ಗುಮಾಸ್ತನಿಗೆ ಎಂಟನೆಯದನ್ನು ಒಣಮಣ್ಣು ತಪ್ಪಾಗಿ ಉತ್ತರಿಸಿದಾಗ ಹೊರಗಿನಿಂದ "ಛೇ!" ಎಂದು ಕೇಳಿಸಿದ್ದು ನೆನಪಾಯಿತು. ಆರು ತಿಂಗಳಿಂದ ತಾನು ಕೈಮುಗಿಯುತ್ತಿದ್ದ ಮಹಾನುಭಾವರು ಇವರೇ!

ಕೆಲಸ ಉಳಿಯಬೇಕಾದರೆ ಈ ಮನುಷ್ಯ ಇವತ್ತು ಖುಷಿಯಾಗಿ ಮನೆಗೆ ಹೋಗಬೇಕು. ನಾಲ್ಕು ಕಾಯಿಲೆಗಳ ಮೇಲೆ ಐದನೆಯದಾಗಿ ಸೋಲನ್ನೂ ಅವರ ತಲೆಗೆ ಕಟ್ಟಿದರೆ ಗತಿಯೇನು? ಮುಖ್ಯಸ್ಥನ ಪಟ್ಟ ಕಣ್ಣೆದುರು ಒಮ್ಮೆ ಮಿಂಚಿ ಮರೆಯಾಯಿತು. ಅವನ ಕಣ್ಣು ಒದ್ದೆಯಾಯಿತು. ಮೈಯೆಲ್ಲ ಒದ್ದೆಯಾಗಿದ್ದರಿಂದ ಅದು ಎದ್ದು ಕಾಣಲಿಲ್ಲ.

ಕೊನೆಯ ಪ್ರಶ್ನೆ ಬಂತು. ಯಾವ ಗ್ರಹ ತನ್ನ ಸುತ್ತ ಒಮ್ಮೆ ತಿರುಗಲು ಸೂರ್ಯನ ಸುತ್ತ ಬರುವುದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ?

ಶುಕ್ರ. ಅವನಿಗೆ ನಿದ್ದೆಯಲ್ಲೂ ಗೊತ್ತು. ಹಲ್ಲು ಕಚ್ಚಿ 'ಭೂಮಿ' ಎಂದು ಒತ್ತಿದ. ಬಳಗದವರು ಸಾಲುಸಾಲಾಗಿ ನಗುವ ಮುಖಗಳನ್ನು ಸುರಿದರು. ಒಣಮಣ್ಣು 'ಶುಕ್ರ' ಎಂದಿತು. ಆಟ ಮುಗಿಯಿತು.

ಅವನು ನೀರು ಸುರಿಸುತ್ತಲೇ ಹೊರಗೆ ಬಂದು, ಮ್ಯಾನೇಜರ ಮುಂದೆ ನಡು ಬಾಗಿಸಿ ಹೇಳಿದ: "ಅಭಿನಂದನೆ, ಸರ್!"

"ಯಾಕ್ರೀ?" ಮ್ಯಾನೇಜರ್ ತಲೆಯೆತ್ತಿದರು. ಅವರ ಫೋನಿನಲ್ಲಿ ಬಣ್ಣಬಣ್ಣದ ಗುಳ್ಳೆಗಳು ಪಟಪಟನೆ ಒಡೆಯುತ್ತಿದ್ದವು. "ಈ ಹಂತ ದಾಟೋಕೆ ಆಗ್ತಾನೇ ಇಲ್ಲ. ಅಭಿನಂದನೆ ಅಂತೆ!"

ಗುಮಾಸ್ತ ಬಾಯಿ ತೆರೆಯುವ ಮೊದಲೇ ಕೋಣೆಯಿಂದ ನರ್ಸ್ ಚೀರಿದರು. ಬಾಗಿಲು ಧಡಾರನೆ ತೆರೆಯಿತು. ಕಂಬಳಿಯನ್ನು ಒದ್ದು, ಇಷ್ಟು ಹೊತ್ತೂ ಅದರೊಳಗಿದ್ದ ಕೈಯಲ್ಲಿ ಫೋನನ್ನು ಬಾವುಟದಂತೆ ಎತ್ತಿ ಹಿಡಿದು, ತೋಳಿಗೆ ಕಟ್ಟಿದ ಪಟ್ಟಿಯನ್ನೂ ಅದರ ಜೊತೆ ನರ್ಸನ್ನೂ ಎಳೆದುಕೊಂಡು ಅತ್ತೆ ಹಜಾರಕ್ಕೆ ಹಾರಿ ಬಂದರು.

"ಗೆದ್ದೆ! ಆ ಮುಳ್ಳುಹಂದಿಯನ್ನ ಮಣ್ಣು ಮುಕ್ಕಿಸ್ದೆ! ಭೂಮಿಯಂತೆ, ಭೂಮಿ! ಇಂಥ ದಡ್ಡ ಫೈನಲ್‌ಗೆ ಹೇಗೆ ಬಂದನೋ!"

ಮ್ಯಾನೇಜರ ಫೋನಿನಲ್ಲಿ ಗುಳ್ಳೆಗಳು ಒಡೆಯುತ್ತಲೇ ಇದ್ದವು.

"ಇವರೇನಾ ತಲೆ ಸುತ್ತಿ ಬಿದ್ದವರು?" ಎಂದರು ಮ್ಯಾನೇಜರ್.

ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನ ಕೈಯ ಫೋನನ್ನೂ, ಅದರಲ್ಲಿ ಇನ್ನೂ ಹೊಳೆಯುತ್ತಿದ್ದ ಮುಳ್ಳುಹಂದಿಯ ಗಿಡದ ಚಿತ್ರವನ್ನೂ ನೋಡಿದರು. ಅವರ ಮುಖದಲ್ಲಿ ಮೂಡಿದ್ದು ಪಶ್ಚಾತ್ತಾಪವಂತೂ ಅಲ್ಲ.

"ಓ, ನೀವಾ? ನಿಮ್ಮ ಗಿಡ ಕೊಳೆಯೋದು ನೋಡೋಕಾಗ್ದೆ ಆ ಗುಂಪು ಸೇರ್ಕೊಂಡೆ, ಅಲ್ಲಿ ನಿಮ್ಮ ಹೆಸರೇನು ಅಂತ ಮಾತ್ರ ಗೊತ್ತಿರ್ಲಿಲ್ಲ. ನಾನು ಹೇಳಿದ್ರೆ ಕೇಳ್ತಿರ್ಲಿಲ್ಲ, ಒಣಮಣ್ಣು ಹೇಳಿದ್ರೆ 'ಧನ್ಯೋಸ್ಮಿ ಗುರುಗಳೇ' ಅಂತ ಬರೀತಿದ್ದವರು ನೀವೇನಾ?"

ಮ್ಯಾನೇಜರ್ ಎದ್ದು ನಿಂತರು. ಈಗ ಬೈಗುಳ ಬೀಳುತ್ತದೆ ಎಂದು ಗುಮಾಸ್ತ ತಲೆ ತಗ್ಗಿಸಿದ. ಆದರೆ ಅವರು ಅವನನ್ನು ದಾಟಿ ಅತ್ತೆಯ ಹತ್ತಿರ ಹೋಗಿ, ಸೇಬಿನ ಚೀಲವನ್ನು ಎರಡೂ ಕೈಯಿಂದ ಕೊಟ್ಟರು.

"ಅಮ್ಮಾ, ನಮ್ಮನೆ ಬಾಲ್ಕನೀಲೂ ಒಂದು ಕಳ್ಳಿ ಇದೆ. ಬುಡ ಹಳದಿಯಾಗ್ತಿದೆ. ಏನ್ಮಾಡ್ಲಿ?"

"ಕೂತ್ಕೊಳ್ಳಿ, ಹೇಳ್ತೀನಿ. ಮೊದಲು ನಿಮ್ಮನ್ನ ನಮ್ಮ ಬಳಗಕ್ಕೆ ಸೇರಿಸ್ಕೊಳ್ತೀನಿ. ಈಗ ನಾನೇ ಮುಖ್ಯಸ್ಥೆ," ಎಂದರು ಅತ್ತೆ. "ಏನ್ರೀ, ತಲೆ ಒರೆಸ್ಕೊಂಡು ಎಲ್ಲರಿಗೂ ಟೀ ಮಾಡಿ."

ಗುಮಾಸ್ತ ಒಲೆ ಹಚ್ಚಿ, ಪಾತ್ರೆಗೆ ನೀರಿಟ್ಟು, ಅಭ್ಯಾಸಬಲದಿಂದ ಮುಳ್ಳುಬಳಗವನ್ನು ತೆರೆದ. ಹೊಸ ಸದಸ್ಯರೊಬ್ಬರು ಆಗಲೇ ತಮ್ಮ ಮೊದಲ ಸಂದೇಶ ಬರೆದಿದ್ದರು:

'ಎಲ್ಲರಿಗೂ ನಮಸ್ಕಾರ. ಕಲಿಯಲು ಬಂದಿದ್ದೇನೆ. ಮುಳ್ಳುಹಂದಿಯವರೇ, ಸೋಮವಾರ ಬಂದ ಕೂಡಲೇ ನನ್ನ ಕೋಣೆಗೆ ಬನ್ನಿ.'

ಅದರ ಕೆಳಗೆ ಮೊದಲ ಮೆಚ್ಚುಗೆ, ಬಳಗದ ಮುಖ್ಯಸ್ಥೆಯದು.