ಸಕ್ಕರೆ ಸಂಪರ್ಕ ಕಡಿತ

ಬಾಕಿ ಉಳಿಸಿಕೊಂಡವರ ಮನೆಯ ಕರೆಂಟು ಕೀಳುವುದೇ ನನ್ನ ನೌಕರಿಯಾಗಿತ್ತು. ಏಣಿ, ಇಕ್ಕಳ, ಸೀಲು ಹಾಕುವ ತಂತಿ ಹಿಡಿದು ನಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಅರ್ಧ ಬೀದಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಜನ ನನ್ನನ್ನು ‘ಕತ್ತಲೆ ಸಾಹೇಬರು’ ಎನ್ನುತ್ತಿದ್ದರು. (ಎದುರಿಗಲ್ಲ. ಎದುರಿಗೆ ಬರೀ ‘ಸಾಹೇಬರು’.) ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಹೀಗೆ ಒಂದೇ ಸೂರಿನಡಿ ಕತ್ತಲೆಯೂ ಕತ್ತರಿಯೂ ಹೊಂದಿಕೊಂಡು ಬಾಳಿದ್ದವು. ಹೊಂದಿಕೊಂಡದ್ದು ಕತ್ತಲೆಯೇ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ನಿವೃತ್ತನಾದ ವರ್ಷವೇ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಔಷಧಿ. “ಪ್ರತಿ ಸಲ ತೂಕ ನೋಡ್ತೀವಿ, ರಕ್ತ ನೋಡ್ತೀವಿ. ಎರಡೂ ಸರಿ ಇದ್ರೆ ಮಾತ್ರ ಔಷಧಿ ಹಾಕೋದು. ತೂಕ ಇಳೀಬಾರ್ದು ಅಮ್ಮ, ನಿಮಗೆ ಸೇರಿದ್ದನ್ನ ತಿನ್ನಿ,” ಎಂದಿದ್ದರು ಡಾಕ್ಟರಮ್ಮ. ಹೆಂಡತಿ ತಲೆಯಾಡಿಸಿದಳು. ನಾನೂ ಆಡಿಸಿದೆ. ಆದರೆ ನನ್ನ ಜೀವ ಬಾಯಿಗೆ ಬಂದಿತ್ತು. ಊರಿಗೆಲ್ಲ ಕತ್ತಲೆ ಹಂಚಿದವನಿಗೆ ತನ್ನ ಮನೆಯೇ ಕತ್ತಲಾಗಬಹುದೆಂಬ ಯೋಚನೆ ತಡೆದುಕೊಳ್ಳಲು ಆಗಲಿಲ್ಲ. ಅವಳು ಡ್ರಿಪ್ ಹಾಕಿಸಿಕೊಳ್ಳುವಾಗ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವುದು ಬಿಟ್ಟರೆ ನನಗೆ ಬೇರೆ ಕೆಲಸವೂ ಇರಲಿಲ್ಲ. ಕೆಲಸವಿಲ್ಲದ ನಿವೃತ್ತನ ಕೈಗೆ ಮೊಬೈಲು ಸಿಕ್ಕರೆ ಏನಾಗುತ್ತದೋ ಅದೇ ಆಯಿತು.

ಕ್ಯಾನ್ಸರ್ ಕೋಶಗಳಿಗೆ ವಿಪರೀತ ಸಕ್ಕರೆ ಚಪಲವಂತೆ. ಒಳ್ಳೆಯ ಕೋಶ ಒಂದು ಚಮಚದಲ್ಲಿ ಮುಗಿಸುವ ಕೆಲಸಕ್ಕೆ ಇದು ಡಬ್ಬಿಯನ್ನೇ ಬರಿದು ಮಾಡುತ್ತದಂತೆ. ಓದಿದವನೇ ಕುರ್ಚಿಯಿಂದ ಎದ್ದು ನಿಂತೆ. ಇದು ನನ್ನ ಇಲಾಖೆಯ ಕೇಸು! ಮೀಟರ್ ತಪ್ಪಿಸಿ, ಕಂಬದಿಂದ ನೇರ ತಂತಿ ಎಳೆದುಕೊಂಡು, ಹಗಲು ರಾತ್ರಿ ಹೀಟರ್ ಉರಿಸುವ ಕಳ್ಳ ಸಂಪರ್ಕ! ಮುಂದೆ ಓದಿದರೆ ಇನ್ನೂ ಸ್ವಾರಸ್ಯ. ಸಕ್ಕರೆ ನಿಲ್ಲಿಸಿದರೆ ಈ ಕೋಶ ಸುಮ್ಮನೆ ಕೂರದೆ ಪ್ರೋಟೀನಿನ ಚೂರುಗಳನ್ನು ಉರಿಸುತ್ತದಂತೆ, ಅದೂ ಇಲ್ಲದಿದ್ದರೆ ಕೊಬ್ಬನ್ನು. ಅಂದರೆ ಪಕ್ಕದ ಮನೆಯಿಂದ ತಂತಿ ಎಳೆಯುತ್ತದೆ. ಇಂಥವರನ್ನು ನನ್ನ ಸರ್ವೀಸಿನಲ್ಲಿ ಎಷ್ಟು ಜನರನ್ನು ನೋಡಿಲ್ಲ! ಈ ಲೈನುಗಳನ್ನೆಲ್ಲ ಕತ್ತರಿಸಲು ವಿಜ್ಞಾನಿಗಳು ಹಳೆಯ ಮಾತ್ರೆಗಳನ್ನೇ ಹೊಸ ಕೆಲಸಕ್ಕೆ ಹಚ್ಚಿ ನೋಡುತ್ತಿದ್ದಾರಂತೆ: ಸಕ್ಕರೆ ಕಾಯಿಲೆಯ ಮಾತ್ರೆ, ಜಂತುಹುಳುವಿನ ಮಾತ್ರೆ, ಕೊಬ್ಬಿನ ಮಾತ್ರೆ. ಜೊತೆಗೆ ಅರಿಸಿನ, ಹಸಿರು ಚಹಾ. (‘ನೋಡುತ್ತಿದ್ದಾರೆ’ ಎಂಬ ಪದ ಸಣ್ಣ ಅಕ್ಷರದಲ್ಲಿತ್ತು. ನನ್ನ ಕನ್ನಡಕ ಮನೆಯಲ್ಲಿತ್ತು.)

ಅಂದು ಸಂಜೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. “ಇವತ್ತಿಂದ ಈ ಮನೇಲಿ ಸಕ್ಕರೆ ಸಂಪರ್ಕ ಕಡಿತ.”

ಹೆಂಡತಿ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದಳು. “ನೋಟಿಸ್ ಕೊಡ್ದೆ ಕೀಳೋ ಹಾಗಿಲ್ಲ ಅಂತ ನೀವೇ ಹೇಳ್ತಿದ್ರಲ್ಲ ರೀ?”

“ಕಳ್ಳ ಸಂಪರ್ಕಕ್ಕೆ ನೋಟಿಸ್ ಬೇಕಿಲ್ಲ.” ನಾನು ಓದಿದ್ದನ್ನೆಲ್ಲ ವಿವರಿಸಿದೆ. ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ನಕ್ಷೆ ಬರೆದು, ಎಲ್ಲೆಲ್ಲಿ ಫ್ಯೂಸ್ ತೆಗೆಯಬೇಕೆಂದು ಗುರುತು ಹಾಕಿ ತೋರಿಸಿದೆ.

“ಡಾಕ್ಟರಮ್ಮ ಸೇರಿದ್ದನ್ನ ತಿನ್ನಿ ಅಂದಿದ್ದಾರೆ. ನಂಗೀಗ ಸೇರೋದು ಸಿಹಿ ಒಂದೇ. ಉಳಿದಿದ್ದೆಲ್ಲ ಬಾಯಲ್ಲಿ ಕಬ್ಬಿಣ ಇಟ್ಕೊಂಡ ಹಾಗಿರುತ್ತೆ.”

“ಡಾಕ್ಟರಮ್ಮ ಇನ್ನೂ ಚಿಕ್ಕವರು. ಅವರಿಗೆ ಲೈನ್ ಕೆಲಸದ ಅನುಭವ ಇಲ್ಲ.”

“ಹೌದಾ? ಹಾಗಾದ್ರೆ ಆ ಕಳ್ಳನ ಮನೆಗೆ ಹೋಗೋ ತಂತಿ ಯಾವ್ದು, ನನ್ನ ಕೈಕಾಲಿಗೆ ಹೋಗೋದು ಯಾವ್ದು, ಅದನ್ನ ತೋರ್ಸಿ.”

ನಾನು ನಕ್ಷೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಿರುಗಿಸಿ ನೋಡಿದೆ.

“ಗೊತ್ತಿಲ್ಲ ತಾನೆ? ಒಬ್ಬ ಕಳ್ಳನ ಕರೆಂಟು ಕೀಳೋಕೆ ಹೋಗಿ ಇಡೀ ಬೀದಿ ಕತ್ತಲೆ ಮಾಡ್ತಿದ್ದೀರಿ. ನಾನೂ ಅದೇ ಬೀದೀಲೇ ಇರೋದು ರೀ!”

ಇಲಾಖೆ ಯಾವತ್ತಾದರೂ ಗ್ರಾಹಕರ ಮಾತು ಕೇಳಿದ್ದುಂಟೇ? ಜಾಮ್ ಬಾಟಲಿ, ಬಿಸ್ಕತ್ತಿನ ಪೊಟ್ಟಣ, ಸಕ್ಕರೆ ಡಬ್ಬಿ ಎಲ್ಲವನ್ನೂ ಜಪ್ತಿ ಮಾಡಿದೆ. ಮರುದಿನದಿಂದ ಬೇಯಿಸಿದ ಸೊಪ್ಪು, ಬೇಯಿಸಿದ ಹಾಗಲಕಾಯಿ, ಅವೆರಡನ್ನೂ ಬೇಯಿಸಿದ ನೀರು. ಅರಿಸಿನದ ಕ್ಯಾಪ್ಸೂಲು, ಹಸಿರು ಚಹಾ ಸಾರದ ಕ್ಯಾಪ್ಸೂಲು ತಂದು ಅವಳ ಹೊಲಿಗೆ ಯಂತ್ರದ ಮೇಲೆ ಸಾಲಾಗಿ ಇಟ್ಟೆ.

ಅವಳು ಅವುಗಳನ್ನು ಒಂದೊಂದಾಗಿ ನನ್ನ ಕಡೆಗೆ ಸರಿಸಿದಳು. “ಹೊಸ ಬಟ್ಟೆನ ಮೊದ್ಲು ಯಾರ ಮೈಮೇಲಾದ್ರೂ ಹಾಕಿ ನೋಡ್ಬೇಕು. ಮುಂದಿನ ಡ್ರಿಪ್ಪಿನ ತನಕ ನೀವು ತಗೊಳ್ಳಿ. ನೆಟ್ಟಗಿದ್ರೆ ಆಮೇಲೆ ನನ್ನ ಸರದಿ.”

ಎರಡು ದಿನಕ್ಕೆ ನಾನು ಸುಸ್ತಾಗಿ ಕೈಬಿಡುತ್ತೇನೆ ಎಂಬುದು ಅವಳ ಲೆಕ್ಕ. ಆದರೆ ಅವಳನ್ನು ಉಳಿಸುವ ದಾರಿ ನನ್ನ ಹೊಟ್ಟೆಯ ಮೂಲಕ ಹಾದುಹೋಗುತ್ತದೆಂದರೆ ನಾನು ಹಿಂಜರಿಯುವವನೇ? ನನ್ನ ದೇಹವನ್ನು ವಿಜ್ಞಾನಕ್ಕೆ ಅರ್ಪಿಸಿದೆ. ಅಷ್ಟೇ ಅಲ್ಲ, ಅವಳಿಗೆ ತಿಳಿಯದಂತೆ ಮಾತ್ರೆಗಳನ್ನೂ ಹೊಂದಿಸಿಕೊಂಡೆ. ಔಷಧಿ ಅಂಗಡಿಯಲ್ಲಿ ಜಂತುಹುಳುವಿನ ಮಾತ್ರೆ ಕೇಳಿದಾಗ ಅಂಗಡಿಯವನು “ಮಗೂಗೆ ಎಷ್ಟು ವಯಸ್ಸು?” ಎಂದ. ನನ್ನ ವಯಸ್ಸು ಹೇಳಿದೆ. ಅವನು ಮತ್ತೇನೂ ಕೇಳದೆ ಕೊಟ್ಟ.

ಸಕ್ಕರೆ ಮಾತ್ರೆ ಬೇಕೆಂದು ಹಿಂದಿನ ಬೀದಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಅಕ್ಕನ ಗಂಡನಿಗೆ ಸಕ್ಕರೆ ಕಾಯಿಲೆ ಹಳೆಯದು. ಭಾವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

“ನಿಂಗೂ ಬಂತೇನಯ್ಯಾ? ಬಾ ಬಾ, ಕೂತ್ಕೋ!”

“ಬಂದಿಲ್ಲ ಭಾವ. ಒಂದು ಸಂಶೋಧನೆಗೆ ಬೇಕಿತ್ತು.”

“ಬರುತ್ತೆ ಬಿಡು, ಅವಸರ ಪಡ್ಬೇಡ. ಇಗೋ ಈ ಸ್ಟ್ರಿಪ್ ತಗೋ. ಒಂದೊಂದು ಮಾತ್ರೇಲೂ ಎರಡು ಔಷಧಿ ಸೇರಿದೆ.”

ನಾನು ಓದಿದ್ದು ಒಂದು ಔಷಧಿಯ ವಿಷಯ. ಎರಡನೆಯದು ಉಚಿತವಾಗಿ ಬಂದದ್ದು ನನ್ನ ಅದೃಷ್ಟ ಎಂದುಕೊಂಡೆ.

ಪ್ರಯೋಗ ಅದ್ಭುತವಾಗಿ ನಡೆಯಿತು. ನನ್ನ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ಚಹಾ ಲೋಟ ಹಿಡಿದರೆ ಚಹಾ ತಾನಾಗಿಯೇ ಕಲಕಿಕೊಳ್ಳುತ್ತಿತ್ತು. (ಕಲಕಲು ಅದರಲ್ಲಿ ಸಕ್ಕರೆ ಇರಲಿಲ್ಲ ಎಂಬುದು ಬೇರೆ ಮಾತು.) ಹೆಂಡತಿ ಅಳತೆ ಟೇಪು ನನ್ನ ಸೊಂಟಕ್ಕೆ ಸುತ್ತಿ ಮುಖ ಗಂಟಿಕ್ಕಿದಳು. “ಪ್ಯಾಂಟು ಜಾರ್ತಿದೆ. ಸಾಕು ಮಾಡಿ ಈ ಹುಚ್ಚಾಟ.” ನಾನು ಕೇಳಲಿಲ್ಲ. ಏಕೆಂದರೆ ಅತ್ತ ಅವಳ ಮುಖಕ್ಕೆ ಕಳೆ ಬರುತ್ತಿತ್ತು! ಕೆನ್ನೆ ತುಂಬಿಕೊಳ್ಳುತ್ತಿತ್ತು. ನನ್ನ ಹಾಗಲಕಾಯಿ ನೀರಿನ ಮಹಿಮೆಗೆ ನಾನೇ ಬೆರಗಾದೆ. ಆದರೂ ಇಲಾಖೆಯ ಮೂಗಲ್ಲವೇ, ಒಮ್ಮೊಮ್ಮೆ ಅವಳ ಬಳಿ ಸ್ಟ್ರಾಬೆರಿಯ ವಾಸನೆ ಬಂದಂತಾಗುತ್ತಿತ್ತು. ದಿಢೀರ್ ತಪಾಸಣೆ ಮಾಡಿದೆ. ಗುಂಡಿಗಳ ಡಬ್ಬಿ ಸುರಿದೆ, ಹೊಲಿಗೆ ಯಂತ್ರದ ಡ್ರಾಯರು ಎಳೆದೆ, ಬಟ್ಟೆಯ ಗಂಟುಗಳನ್ನು ಬಿಚ್ಚಿದೆ. ಒಂದು ಬಿಸ್ಕತ್ತಿನ ಚೂರೂ ಸಿಗಲಿಲ್ಲ.

“ಸಿಕ್ತಾ?” ಎಂದಳು, ತಲೆ ಎತ್ತದೆ.

ಡ್ರಿಪ್ಪಿನ ದಿನ ಬಂತು. ಹಿಂದಿನ ದಿನ ಅವಳು ಕೊಟ್ಟ ರಕ್ತದ ವರದಿ ಚೆನ್ನಾಗಿತ್ತು. ನರ್ಸಮ್ಮ ಹೆಂಡತಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಈ ಒಂದು ಮುಳ್ಳಿನ ಮೇಲೆ ನಮ್ಮ ಬದುಕೇ ನಿಂತಿತ್ತು.

“ಭೇಷ್ ಅಮ್ಮ! ಹೋದ ಸಲಕ್ಕಿಂತ ಜಾಸ್ತಿ ಇದ್ದೀರಿ!”

ನನ್ನ ಗೆಲುವಿನ ಗಳಿಗೆ. ಮುಂದೆ ಬಂದು, ಎದೆ ಸೆಟೆಸಿ, ವಾರ್ಡಿನ ಸಮಸ್ತರನ್ನು ಉದ್ದೇಶಿಸಿ, “ನೋಡಿ ಸಿಸ್ಟರ್, ಇದಕ್ಕೆಲ್ಲ ಕಾರಣ ಏನು ಅಂದ್ರೆ…” ಎಂದೆ. ಕಾರಣ ಏನೆಂದು ಹೇಳಲಾಗಲಿಲ್ಲ. ವಾರ್ಡಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ಯಾರೋ ಮೇನ್ ಸ್ವಿಚ್ ತೆಗೆದರು ಎಂದುಕೊಳ್ಳುತ್ತಲೇ ನೆಲಕ್ಕೆ ಬಿದ್ದೆ.

ಕಣ್ಣು ಬಿಟ್ಟಾಗ ಹಾಸಿಗೆಯ ಮೇಲಿದ್ದೆ. ಕೈಗೆ ಸೂಜಿ ಚುಚ್ಚಿತ್ತು. ತಲೆಯ ಮೇಲೆ ಬಾಟಲಿ ನೇತಾಡುತ್ತಿತ್ತು.

“ಏನಿದು ಸಿಸ್ಟರ್?”

“ಗ್ಲೂಕೋಸು.”

“ಗ್ಲೂಕೋಸು ಅಂದ್ರೆ?”

“ಸಕ್ಕರೆ ನೀರು ಸರ್. ನಿಮ್ಮ ರಕ್ತದಲ್ಲಿ ಸಕ್ಕರೇನೇ ಇರ್ಲಿಲ್ಲ.”

ಮನೆಯಿಂದ ಸಕ್ಕರೆಯನ್ನು ಗಡೀಪಾರು ಮಾಡಿದ ನನ್ನ ಮೈಯೊಳಕ್ಕೆ ಅದು ನಾಲಿಗೆಯನ್ನೂ ಕೇಳದೆ, ಮೀಟರ್ ಇಲ್ಲದೆ, ನೇರ ತಂತಿಯಲ್ಲಿ ಹರಿಯುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ನನ್ನ ಹೆಂಡತಿ ತನ್ನ ಡ್ರಿಪ್ ಹಾಕಿಸಿಕೊಂಡು ಕೂತಿದ್ದಳು. ನನ್ನ ಜೇಬಿನಲ್ಲಿ ಸಿಕ್ಕ ಮಾತ್ರೆಗಳ ಸ್ಟ್ರಿಪ್ಪೂ ಕ್ಯಾಪ್ಸೂಲುಗಳೂ ಡಾಕ್ಟರಮ್ಮನ ಕೈಯಲ್ಲಿದ್ದವು.

“ಸರ್, ನೀವು ಓದಿರೋದು ಸುಳ್ಳಲ್ಲ,” ಎಂದರು ಅವರು. “ಲ್ಯಾಬಿನ ಗಾಜಿನ ತಟ್ಟೇಲಿ ಇವು ಕ್ಯಾನ್ಸರ್ ಕೋಶಾನ ಕಟ್ಟಿಹಾಕಿವೆ. ಮನುಷ್ಯರಲ್ಲೂ ಹಾಗೇ ಮಾಡುತ್ತಾ ಅಂತ ಅಳತೆ ಹಿಡ್ದು ನೋಡ್ತಿದ್ದಾರೆ. ಕೆಲವನ್ನ ಮುಂದೊಂದು ದಿನ ನಾನೇ ಬರ್ಕೊಡ್ಬಹುದು. ಇವತ್ತಲ್ಲ. ಈ ಮಾತ್ರೇಲಿರೋ ಎರಡ್ನೇ ಔಷಧಿ, ಊಟ ಬಿಟ್ಟು ತಗೊಂಡ್ರೆ ಯಾರನ್ನಾದ್ರೂ ಬೀಳಿಸುತ್ತೆ. ನಿಮ್ಮ ರಕ್ತಾನೂ ನೋಡಿದ್ವಿ, ಲಿವರ್ ಬೇರೆ ಮುನಿಸ್ಕೊಂಡಿದೆ, ಈ ಕ್ಯಾಪ್ಸೂಲಿಂದ ಇರ್ಬೇಕು. ಈ ವರದಿ ಅಮ್ಮಂದಾಗಿದ್ರೆ ಇವತ್ತು ಅವರ ಔಷಧಿ ನಿಲ್ಲಿಸ್ಬೇಕಾಗಿತ್ತು.”

ಅವಳು ಸರಿಸಿದ ಆ ಕ್ಯಾಪ್ಸೂಲುಗಳನ್ನು ನಾನು ಗದರಿಸಿ ಅವಳಿಗೇ ನುಂಗಿಸಿದ್ದಿದ್ದರೆ? ಅವಳನ್ನು ಉಳಿಸುತ್ತಿದ್ದ ಒಂದೇ ಒಂದು ಲೈನನ್ನು ನಾನೇ ಕಿತ್ತಿರುತ್ತಿದ್ದೆ. ನನಗೆ ಅಳು ಬಂತು. ಒಳಗೆ ಹೋದ ಸಕ್ಕರೆ ನೀರು ಹೆಚ್ಚಾಗಿ ಕಣ್ಣಿನಲ್ಲಿ ಬರುತ್ತಿದೆ ಎಂದು ನರ್ಸಮ್ಮನಿಗೆ ಹೇಳಿದೆ. ಅವರು ನಂಬಲಿಲ್ಲ.

ಡಾಕ್ಟರಮ್ಮ ಅತ್ತ ಹೋಗುತ್ತಲೇ ಹೆಂಡತಿ ಶುರುಮಾಡಿದಳು. “ಮಾತ್ರೆ ವಿಷ್ಯ ಯಾಕೆ ಹೇಳ್ಲಿಲ್ಲ?”

“ನೀನು ಬೈತೀಯ ಅಂತ.”

“ಈಗೇನು, ಹೊಗಳ್ತೀನಾ?”

“ನಿಂಗೇನಾದ್ರೂ ಆಗ್ಬಿಟ್ರೆ ಅಂತ ಭಯ ಆಯ್ತು ಕಣೇ.”

ಅವಳು ಸೂಜಿ ಇಲ್ಲದ ಕೈಯನ್ನು ಚಾಚಿ ನನ್ನ ಸೂಜಿ ಇಲ್ಲದ ಕೈಯನ್ನು ಹಿಡಿದಳು. “ನಂಗೇನಾದ್ರೂ ಆದ್ರೆ ಅಂತ ನೀವು ಮೊದ್ಲೇ ಹೊರಡೋದಾ? ಇಲ್ಲಿ ನನ್ನ ಪಾಳಿ ನಡೀತಿದೆ. ಮಧ್ಯ ನುಗ್ಗಬೇಡಿ.”

ಮನೆಗೆ ಬಂದವಳು ನೇರವಾಗಿ ಜಗಲಿಗೆ ಹೋದಳು. ಅಲ್ಲಿ ಗೋಡೆಯ ಮೇಲೆ ಹಳೆಯ ಮೀಟರಿನ ಖಾಲಿ ಪೆಟ್ಟಿಗೆಯಿದೆ. ಹೊಸ ಮೀಟರ್ ಬಂದಾಗ ನಾನೇ ನನ್ನ ಕೈಯಾರೆ ಅದಕ್ಕೆ ಸೀಲು ಹಾಕಿದ್ದೆ. ಇಲಾಖೆಯ ಸೀಲಿದ್ದ ಪೆಟ್ಟಿಗೆಯನ್ನು ಅನುಮಾನಿಸುವುದು ನನ್ನ ರಕ್ತದಲ್ಲೇ ಇಲ್ಲ. ಅವಳು ಮೊದಲೇ ಸಡಿಲಿಸಿಟ್ಟಿದ್ದ ಸೀಲಿನ ತಂತಿಯನ್ನು ಉಗುರಿನಿಂದ ಸರಕ್ಕನೆ ಸರಿಸಿ ಮುಚ್ಚಳ ತೆಗೆದಳು. ಒಳಗೆ ಸ್ಟ್ರಾಬೆರಿ ಜಾಮ್, ಕೆನೆ ಬಿಸ್ಕತ್ತು, ಬೆಣ್ಣೆ ಕೇಕು. ಅಳತೆ ಕೊಡಲು ಬಂದ ತಾಯಂದಿರೆಲ್ಲ ತಂದು ತುಂಬಿಸಿದ ಸರಕು. ನನ್ನ ಮೂಗಿನ ಕೆಳಗೇ ಕಳ್ಳ ಸಂಪರ್ಕ!

“ಸಂಪರ್ಕ ಮತ್ತೆ ಬೇಕಾದ್ರೆ ದಂಡ ಕಟ್ಬೇಕು ಅಂತ ಜನಕ್ಕೆ ಹೇಳ್ತಿದ್ರಲ್ಲ? ಕಟ್ಟಿ ಈಗ,” ಎಂದು ಕೇಕಿನ ದೊಡ್ಡ ತುಂಡು ಕೈಗಿಟ್ಟಳು. ಕಟ್ಟಿದೆ. ಎರಡನೆಯ ಕಂತನ್ನೂ ಕಟ್ಟಿದೆ.

ದಂಡ ಅಲ್ಲಿಗೇ ಮುಗಿಯಲಿಲ್ಲ. ಔಷಧಿಯಿಂದ ಅವಳ ಬೆರಳ ತುದಿಗಳು ಜೋಮು ಹಿಡಿದಿದ್ದವು. ಸೂಜಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಅದನ್ನವಳು ಇಷ್ಟು ದಿನ ನನಗೆ ಹೇಳಿರಲಿಲ್ಲ. (ನಾನು ಹಾಗಲಕಾಯಿ ಬೇಯಿಸುವುದರಲ್ಲಿ ಮುಳುಗಿದ್ದೆ, ಕೇಳಿರಲೂ ಇಲ್ಲ.) ಸಮವಸ್ತ್ರಗಳು ರಾಶಿ ಬಿದ್ದಿದ್ದವು.

“ಹಳೇ ಮಾತ್ರೆಗೆ ಹೊಸ ಕೆಲಸ ಅಂತಿದ್ರಲ್ಲ,” ಎಂದು ಸೂಜಿದಾರ ನನ್ನ ಮುಂದಿಟ್ಟಳು. “ಹಳೇ ಗಂಡನಿಗೂ ಒಂದು ಹೊಸ ಕೆಲಸ ಕೊಟ್ಟು ನೋಡ್ತೀನಿ. ಗುಂಡಿ ಹಚ್ಚಿ.”

ಈಗ ದಿನಾ ಅವಳ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತೇನೆ. ಅವಳು ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡು ಬೈಯುತ್ತಾಳೆ. ನನಗೆ ಹಾಯೆನಿಸುತ್ತದೆ. ಮೊನ್ನೆ ಒಬ್ಬ ತಾಯಿ ಅಂಗಿ ಹಿಡಿದು ದುಮುಗುಡುತ್ತ ಬಂದಳು. ಎರಡೂ ಮಗ್ಗುಲು, ಒಂದು ತೋಳು, ಜೇಬು, ಎಲ್ಲವೂ ಒಂದೇ ಗುಂಡಿಗೆ ಭದ್ರವಾಗಿ ಸೇರಿಕೊಂಡಿದ್ದವು. ಮಗು ಅದರೊಳಗೆ ತೂರಲು ದಾರಿಯೇ ಇರಲಿಲ್ಲ.

ನನ್ನ ಹೆಂಡತಿ ಅಂಗಿಯನ್ನು ತಿರುಗಿಸಿ ನೋಡಿದಳು, ನನ್ನನ್ನು ನೋಡಿದಳು. ಕಾಯಿಲೆ ಬಂದ ಮೇಲೆ ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ಏನೂ ತಿಳ್ಕೋಬೇಡಮ್ಮ,” ಎಂದಳು ಕಣ್ಣೊರೆಸಿಕೊಳ್ಳುತ್ತ. “ಜೀವಮಾನ ಎಲ್ಲ ಬರೀ ಕಿತ್ತವರು. ಜೋಡಿಸೋದು ಈಗಷ್ಟೇ ಕಲೀತಿದ್ದಾರೆ.”