ಅತ್ತಿಯ ಅರ್ಧ ಹಾಡು

ಶಹಾಪುರದ ಪಾದ್ರಿಗಳು ನಮ್ಮ ಅತ್ತಿಯ ಕಥೆಯನ್ನು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೇಳುತ್ತಾರೆ. ಆ ಕಥೆಯಲ್ಲಿ ಆಕೆ ಬಂಡೆ. ಊರೇ ತಿರುಗಿಬಿದ್ದರೂ ಅಲುಗದವಳು, ಅಳದವಳು. ನಮ್ಮೂರ ಚಾವಡಿಯಲ್ಲಿ ಕೇಳಿದರೆ ಬೇರೆಯದೇ ಕಥೆ: ಆಕೆಗೆ ತಲೆ ಸರಿ ಇರಲಿಲ್ಲ. ಎರಡು ಪಕ್ಷಗಳ ವಾದವನ್ನೂ ಕೇಳಿ ಎರಡನ್ನೂ ತಳ್ಳಿಹಾಕಿದ್ದೇನೆ. ಬಂಡೆ ಯಾರಿಗಾದರೂ ಕಾಯುತ್ತದೆಯೇ? ತಲೆ ಕೆಟ್ಟವರಿಗೆ ಇಂಥವರ ಜಾಗ ಇಂಥದ್ದೇ ಎಂಬ ನೆನಪಿರುತ್ತದೆಯೇ? ಗುಲ್ಬರ್ಗಾದ ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ, ಅದೂ ಉರ್ದುವಿನಲ್ಲಿ, ದೇವರು ಇದ್ದಾನೆಂದೂ ಇಲ್ಲವೆಂದೂ ಒಂದೇ ಮಧ್ಯಾಹ್ನ ಸಾಧಿಸಿ ತೋರಿಸಿದವನು ನಾನು. ಮುಂದೆ ಇಲ್ಲವೆಂಬ ಪಕ್ಷದಲ್ಲೇ ಉಳಿದುಕೊಂಡೆ. ಆದ್ದರಿಂದ ನನ್ನ ಸಾಕ್ಷಿಯಲ್ಲಿ ಭಕ್ತಿಯ ಕಲಬೆರಕೆ ಇಲ್ಲ. ನನ್ನ ವಾದ ಇಷ್ಟೇ: ಅತ್ತಿ ಬಂಡೆಯೂ ಅಲ್ಲ, ಹುಚ್ಚಿಯೂ ಅಲ್ಲ, ನಮ್ಮ ತಾಲೂಕಿನ ಅತಿ ಕೆಟ್ಟ ಹಾಡುಗಾರ್ತಿ. ಯಾವ ಹಾಡನ್ನೂ ಅರ್ಧಕ್ಕಿಂತ ಹೆಚ್ಚು ಹಾಡಿದವಳಲ್ಲ!

ಅತ್ತಿ ಎಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಎದುರು ಮನೆಗೆ ಬಂದಿದ್ದಳು. ನಮ್ಮ ಕೇರಿಯ ಹನ್ನೊಂದು ಮನೆಯವರು ಒಂದು ಕಾಲಕ್ಕೆ ಯೇಸುವಿನ ಹೆಸರಿಗೆ ಬಂದು, ಮಣ್ಣಿನ ಗೋಡೆ ಎಬ್ಬಿಸಿ ಒಂದು ಪ್ರಾರ್ಥನೆಯ ಗುಡಿ ಕಟ್ಟಿಕೊಂಡಿದ್ದರು. ಹಾಡಿನ ಪುಸ್ತಕ ಓದಲು ಯಾರಿಗೆ ಬರುತ್ತಿತ್ತು? ಅಪ್ಪನೇ ಭಜನೆಯ ಧಾಟಿಯಲ್ಲಿ ಒಂದು ಹಾಡು ಕಟ್ಟಿದ. ಮುಂದೆ ಕುಳಿತ ಅಪ್ಪ ಪ್ರಶ್ನೆ ಎತ್ತುವುದು, ಹಿಂದೆ ಕುಳಿತವರು ಉತ್ತರ ಕೊಡುವುದು.

“ಕಾಲಾಗ ಮುಳ್ಳ ಮುರದಾಗ ತಗದವರು ಯಾರು?” ಎಂದು ಅಪ್ಪ.

“ಮುಳ್ಳಿನ ಕಿರೀಟದವ, ಯೇಸಪ್ಪ ತಗದಾನ” ಎಂದು ಎಲ್ಲರೂ. ಬಾಗಿಲ ಹತ್ತಿರ ಕುಳಿತ ಅತ್ತಿಯ ದನಿ ಎಲ್ಲರಿಗಿಂತ ಒಂದು ಗೇಣು ಮೇಲೆ.

ಊರದೇವತೆಯ ಹಬ್ಬಕ್ಕೆ ಹಲಗೆ ಬಾರಿಸುವುದು ನಮ್ಮ ಕೇರಿಯ ಪಾಲಿನ ಕೆಲಸ. ಪ್ರಾರ್ಥನೆಯ ಗುಡಿಗೆ ಹೋಗುವವರು ಇನ್ನು ಬಾರಿಸುವುದಿಲ್ಲ ಎಂದರು. ಚಾವಡಿ ಒಂದೇ ಮಾತು ಹೇಳಿತು: ಹಲಗೆ ಇಲ್ಲವೆಂದರೆ ಜೋಳದ ಸುಗ್ಗಿಗೆ ಕೆಲಸವಿಲ್ಲ, ಊರ ಬಾವಿಯಿಂದ ಮೇಲಿನವರು ಸೇದಿ ನಮ್ಮ ಕೊಡಕ್ಕೆ ಹೊಯ್ಯುತ್ತಿದ್ದ ನೀರೂ ಇಲ್ಲ. ಒಂದೊಂದೇ ಮನೆ ಹಿಂದೆ ಸರಿಯಿತು. ಕೊನೆಗೆ ಬಿಟ್ಟವನು ಅಪ್ಪ. ನನ್ನ ಓದು ನಡೆಯಬೇಕಿತ್ತು. ತಾನು ಕಟ್ಟಿದ ಹಾಡನ್ನು ಗುಡಿಯಲ್ಲೇ ಬಿಟ್ಟು ಹಲಗೆಯನ್ನು ಹೆಗಲಿಗೆ ಹಾಕಿಕೊಂಡ. ಉಳಿದವಳು ಅತ್ತಿ ಒಬ್ಬಳೇ. ಹಳ್ಳದ ಉಸುಕಿನಲ್ಲಿ ಒರತೆ ತೋಡಿ ನೀರು ತಂದಳು. ಕೊಂಕಲ್ ಹಳ್ಳಿಯ ಕಡೆಯ ಹೊಲಗಳಿಗೆ ನಡೆದುಹೋಗಿ ಕಳೆ ಕಿತ್ತಳು.

ತಿಂಗಳಿಗೊಮ್ಮೆ ಪಾದ್ರಿಗಳು ತಟ್ಟು ಕುದುರೆ ಏರಿ ಬರುತ್ತಿದ್ದರು. ಖಾಲಿ ಗುಡಿಯ ಆ ತುದಿಯಲ್ಲಿ ಅವರು, ಈ ತುದಿಯ ಬಾಗಿಲಲ್ಲಿ ಅತ್ತಿ. ನಡುವೆ ಒಂದು ಜೋಡಿ ಎತ್ತು ತಿರುಗಿಸುವಷ್ಟು ಜಾಗ. ಪಾಪ, ಪಾದ್ರಿಗಳು ಒಬ್ಬಳಿಗಾಗಿ ಸಂತೆಯಲ್ಲಿ ಕೂಗಿದಂತೆ ಕೂಗಬೇಕಾಗಿತ್ತು.

“ಮುಂದ ಬರ‍್ರಿ ಅವ್ವಾ. ಗಂಟಲು ಹರೀತದ ನಂದು.”

“ಅಲ್ಲಿ ಭೀಮವ್ವ ಕೂಡ್ತಾಳ್ರಿ.”

“ಆಕಿ ಗುಡಿ ಬಿಟ್ಟು ವರ್ಷ ಆತಲ್ಲ?”

“ಇವತ್ತ ಬಂದಿಲ್ರಿ.”

“ಈ ಕಡಿಗರೆ ಬರ‍್ರಿ.”

“ಅದು ನನ್ನ ತಮ್ಮನ ಜಾಗರಿ.”

ಹೀಗೆ ಬಾರದ ಹತ್ತು ಮನೆಯವರನ್ನೂ ಅತ್ತಿ ಅವರವರ ಜಾಗದಲ್ಲೇ ಕೂರಿಸಿಟ್ಟಿದ್ದಳು. ಬಂದವಳಿಗೆ ಮಾತ್ರ ಜಾಗವಿರಲಿಲ್ಲ.

ಒಮ್ಮೆ ಕೇರಿಯ ಹಿರಿಯನೊಬ್ಬ ಬುದ್ಧಿ ಹೇಳಲು ಬಂದ. ಕೆಟ್ಟವನಲ್ಲ, ಆಕೆ ನೀರಿನ ಕೊಡ ಹೊತ್ತು ಹಳ್ಳದ ದಂಡೆ ಹತ್ತುವುದನ್ನು ನೋಡಲಾರದೆ ಬಂದವನು.

“ತಂಗೀ, ಒಳಗ ನಿನ್ನ ಯೇಸಪ್ಪನ್ನ ಇಟ್ಕೊ, ಯಾರ ಬ್ಯಾಡ ಅಂತಾರ? ಹೊರಗ ಬರುವಾಗ ಹಣಿಗಿ ಒಂದೀಟು ಭಂಡಾರ ಹಚ್ಕೊಂಡು ಬಾ. ಊರ ಬಾಯಿ ಮುಚ್ಚತದ.”

“ಒಳಗ ನಿನ್ನ ಹೆಸರು ಹೇಳಿ, ಹೊರಗ ಮಂದ್ಯಾಗ ಮತ್ತೊಬ್ಬನ ಹೆಸರು ಹೇಳಿದ್ರ, ನಿನ್ನ ಹೇಣ್ತಿಗಿ ನೀ ಏನಂತಿ ಅಣ್ಣಾ?”

ಹಿರಿಯ ಕೆಮ್ಮಿದ. ಆಮೇಲೆ ಜೋಳದ ಬೆಳೆಯ ಬಗ್ಗೆ ಬಹಳ ಹೊತ್ತು ಮಾತಾಡಿ ಹೋದ.

ಪಾದ್ರಿಗಳಿಲ್ಲದ ಆದಿತ್ಯವಾರಗಳಂದು ಅತ್ತಿ ಒಬ್ಬಳೇ ಹಾಡುತ್ತಿದ್ದಳು. ರಜೆಗೆ ಬಂದ ನಾನು ಬಾಗಿಲಲ್ಲಿ ನಿಂತು ಕೇಳಿದೆ. ಮೊದಲು ಏನೂ ಇಲ್ಲ; ಬರೀ ನಿಶ್ಶಬ್ದ. ಆಮೇಲೆ ಇದ್ದಕ್ಕಿದ್ದಂತೆ “ಮುಳ್ಳಿನ ಕಿರೀಟದವ, ಯೇಸಪ್ಪ ತಗದಾನ.” ಮತ್ತೆ ನಿಶ್ಶಬ್ದ. ಮತ್ತೊಂದು ಉತ್ತರ.

“ಅತ್ತಿ, ಪ್ರಶ್ನಿ ಇಲ್ದ ಉತ್ತರ ಕೊಡ್ತಾರೇನು? ನಮ್ಮ ಸ್ಪರ್ಧ್ಯಾಗ ಆಗಿದ್ರ ನಿನಗ ಸೊನ್ನಿ.”

“ಪ್ರಶ್ನಿ ನಿಮ್ಮಪ್ಪಂದು. ನನ್ನ ಪಾಲಿಂದು ನಾ ಹಾಡಾಕತ್ತೀನಿ.”

“ಅದನ್ನೂ ನೀನ ಹಾಡು. ಬಾಯಿಪಾಠ ಬರ್ತದಲ್ಲ?”

“ಅವ ಬಂದಾಗ ಏನು ಹಾಡ್ಬೇಕು ಮತ್ತ?”

ಎದುರುಬದುರು ಮನೆ. ದಿನಾ ಅತ್ತಿ ಮಾಡಿದ ಪುಂಡಿಪಲ್ಲೆ ಅಪ್ಪನ ತಾಟಿಗೆ ಹೋಗುತ್ತಿತ್ತು. ಆದರೂ ಅಕ್ಕ ತಮ್ಮ ಇಬ್ಬರೂ ಗುಡಿಯ ಮಾತು ಎತ್ತುತ್ತಿರಲಿಲ್ಲ. ಆದಿತ್ಯವಾರ ಅಪ್ಪನಿಗೆ ಒಂದೇ ಕೆಲಸ: ಗುಡಿಯ ಹಿಂದಿನ ಬೇವಿನ ನೆರಳಲ್ಲಿ ಹಗ್ಗ ಹೊಸೆಯುವುದು. ನಮ್ಮ ಮನೆಯಲ್ಲಿದ್ದದ್ದು ಒಂದೇ ಎತ್ತು; ಹಗ್ಗ ಮಾತ್ರ ಸುರಪುರದ ಸಂಸ್ಥಾನಕ್ಕೆಲ್ಲ ಸಾಲುವಷ್ಟಿತ್ತು. ಇದೇನೆಂದು ನೋಡಲು ಒಂದು ದಿನ ಗೋಡೆ ಸುತ್ತಿ ಹೋದೆ. ಒಳಗೆ ಅತ್ತಿ ಸುಮ್ಮನಾದಾಗ ಅಪ್ಪನ ಕೈ ನಿಂತಿತು, ತುಟಿ ಅಲುಗಿತು, ದನಿ ಹೊರಡಲಿಲ್ಲ. ತುಟಿ ನಿಂತಾಗ ಒಳಗಿನಿಂದ ಉತ್ತರ ಬಂತು. ನನ್ನನ್ನು ಕಂಡವನೇ ಅಪ್ಪ “ಹಗ್ಗ ಸವದಾವ” ಎಂದ.

ಅತ್ತಿಗೆ ಹೇಳಿದೆ. ಗೆದ್ದೆನೆಂದು ನಗುತ್ತಾಳೆ ಅಂದುಕೊಂಡಿದ್ದೆ. ಒಲೆಗೆ ಊದುತ್ತಿದ್ದವಳು ಊದುಗೊಳವೆ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ಬಹಳ ಹೊತ್ತು ಅತ್ತಳು. ಪಾದ್ರಿಗಳೇ, ಇದನ್ನು ದಯವಿಟ್ಟು ಬರೆದುಕೊಳ್ಳಿ.

“ಭಾಳ ಬ್ಯಾಸರ ಆಗ್ತದ ತಮ್ಮಾ. ಬಿಡಬೇಕು ಅಂತ ವಾರಕ್ಕೊಮ್ಮಿ ಅನಸ್ತದ. ನಾ ಬಿಟ್ರ, ಅವ ಬಂದಾಗ ಒಳಗ ಯಾರಿರ್ತಾರ?”

ಆ ಚಳಿಗಾಲ ಅಪ್ಪ ತೀರಿಹೋದ. ಮುಂದಿನ ಆದಿತ್ಯವಾರವೂ ಅತ್ತಿ ಅಷ್ಟೇ ಹೊತ್ತು ಸುಮ್ಮನಿದ್ದು ಹಾಡಿದಳು. ನನಗೆ ತಡೆಯಲಾಗಲಿಲ್ಲ.

“ಈಗ ಯಾರಿಗಿ ಕಾಯಾಕತ್ತಿ?”

ಅತ್ತಿ ನನ್ನನ್ನೇ ನೋಡಿದಳು. “ನಿಮ್ಮಪ್ಪನ ದನಿ ನಿನಗ ಬಂದದ.”

“ನಾ ನಂಬಂಗಿಲ್ಲ ಅತ್ತಿ. ಹಾಡಿದ್ರ ಸುಳ್ಳ ಹಾಡಿದಂಗ.”

“ಉತ್ತರ ಹಾಡೋರು ನಂಬಬೇಕು. ನಿನ್ನ ಪಾಲಿಂದು ಪ್ರಶ್ನಿ. ಕೇಳಾಕ ಏನು ತ್ರಾಸು ನಿನಗ? ಹುಟ್ಟಿದಾಗಿಂದ ಅದನ್ನ ಮಾಡಾಕತ್ತಿ.”

ನಾನು ಸೋತ ವಾದ ಅದೊಂದೇ. ಆದರೆ ಸೋತೆನೆಂದು ಹೇಳಲಿಲ್ಲ, ಹಾಡಲೂ ಇಲ್ಲ. ಪುಸ್ತಕ ಕಟ್ಟಿಕೊಂಡು ಗುಲ್ಬರ್ಗಾಕ್ಕೆ ಹೋದೆ.

ಅತ್ತಿ ಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಹಳ್ಳದ ದಂಡೆಯಲ್ಲಿ ಮಣ್ಣು ಕೊಟ್ಟಾಗಿತ್ತು. ಊರಿಗೆ ಬಂದವನು ನೆಟ್ಟಗೆ ಗುಡಿಗೆ ಹೋದೆ. ಬಾಗಿಲ ಹತ್ತಿರದ ನೆಲ ಆಕೆ ಕುಳಿತೂ ಕುಳಿತೂ ಕೊಂಚ ತಗ್ಗಾಗಿತ್ತು. ಅದನ್ನು ದಾಟಿ, ಭೀಮವ್ವನ ಜಾಗ ತುಳಿಯದೆ ಬದಿಗೆ ಸರಿದು, ಮುಂದೆ ಹೋಗಿ ಅಪ್ಪನ ಜಾಗದಲ್ಲಿ ಕುಳಿತೆ. ನಂಬಿಕೆ ಬಂದಿರಲಿಲ್ಲ. ಈಗಲೂ ಬಂದಿಲ್ಲ. ಗಂಟಲು ಸರಿಮಾಡಿಕೊಂಡು ಹಾಡಿನ ಕೊನೆಯ ಪ್ರಶ್ನೆ ಎತ್ತಿದೆ. ನನ್ನ ಬಾಯಿಂದ ಬಂದದ್ದು ನಿಜಕ್ಕೂ ಅಪ್ಪನ ದನಿಯೇ. ಹಾಡಿ, ಆಕೆಯ ಸಾಲಿಗೆ ಬೇಕಾದಷ್ಟು ಹೊತ್ತು ಬಿಟ್ಟು, ಬಾಗಿಲ ಕಡೆ ನೋಡುತ್ತ ಕಾದೆ:

“ಎಲ್ಲಾರು ಎದ್ದು ಹ್ವಾದಾಗ ಕಾದು ಕುಂತವರು ಯಾರು?”